ಸ್ಕೀಮಿನ ಕೋಹೊಮಾಲಜಿ ಕಲಿಯುವುದು ಹೇಗೆ: ಒಂದು ಎಡವಿದ ಕಡೆಯಿಂದಲೇ ಇನ್ನೊಂದು ಶುರು

ಸ್ಕೀಮ್ ಎಂದರೇನು ಅಂತ ಸುಮಾರಾಗಿ ಗೊತ್ತಾಯಿತು, ಶೀಫ್ ಕೂಡ ಅರ್ಥವಾಯಿತು, ಇನ್ನು ಕೋಹೊಮಾಲಜಿ ಓದೋಣ ಅಂತ ಹೊರಟರೆ ಒಂದಲ್ಲ, ಏಳೆಂಟು ಎದುರಿಗೆ ಬಂದು ನಿಲ್ಲುತ್ತವೆ. ಕೊಹೆರೆಂಟ್, ಎತಾಲ್, ಎಲ್-ಆ್ಯಡಿಕ್, ಡಿ ರಾಮ್, ಕ್ರಿಸ್ಟಲಿನ್, ರಿಜಿಡ್, ಫ್ಲ್ಯಾಟ್, ಪ್ರಿಸ್ಮ್ಯಾಟಿಕ್. ಇಷ್ಟೊಂದು ಯಾಕೆ ಬೇಕು? ಯಾವುದನ್ನು ಮೊದಲು ಹಿಡಿಯಬೇಕು? ವ್ಯಾಖ್ಯೆಯಿಂದ ಶುರು ಮಾಡಿದರೆ ನೂರು ಪುಟ ಓದಿದ ಮೇಲೂ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ನಾನು ಹೇಳುವ ದಾರಿ ಬೇರೆ. ಇವುಗಳಲ್ಲಿ ಮುಖ್ಯವಾದ ಪ್ರತಿಯೊಂದೂ ಹುಟ್ಟಿದ್ದು ಮುಂಚಿನದು ಎಲ್ಲೋ ಒಂದು ಕಡೆ ಕೈಕೊಟ್ಟಿದ್ದರಿಂದ. ಆ ಕೈಕೊಟ್ಟ ಜಾಗವನ್ನು ತೋರಿಸುವ ಚಿಕ್ಕ ಉದಾಹರಣೆಗಳಿವೆ. ಅವನ್ನು ಪೆನ್ನು ಹಿಡಿದು ನೀವೇ ಮಾಡಿ. ಆಮೇಲೆ ವ್ಯಾಖ್ಯೆ ಓದಿ. ಯಾವ ಕಾಯಿಲೆಗೆ ಈ ಔಷಧಿ ಅಂತ ಗೊತ್ತಿದ್ದರೆ ಔಷಧಿಯ ಹೆಸರು ತಾನಾಗೇ ನೆನಪಿರುತ್ತದೆ.

ಬೇಕಾದ ತಯಾರಿ ಜಾಸ್ತಿ ಇಲ್ಲ. ರಿಂಗ್, ಮಾಡ್ಯೂಲ್, ಲೋಕಲೈಸೇಷನ್, ಶೀಫ್‌ಗಳ ಎಕ್ಸಾಕ್ಟ್ ಸೀಕ್ವೆನ್ಸ್, ಅದರಿಂದ ಬರುವ ಲಾಂಗ್ ಎಕ್ಸಾಕ್ಟ್ ಸೀಕ್ವೆನ್ಸ್, ಇಷ್ಟು ಸಾಕು. ಇಂಜೆಕ್ಟಿವ್ ರೆಸಲ್ಯೂಷನ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಶೀಫ್‌ಗಳಿಗೆ ಸಾಕಷ್ಟು ಇಂಜೆಕ್ಟಿವ್ ಸಿಗುತ್ತವೆ ಅಂತ ಗ್ರೋತೆಂಡೀಕ್ 1957ರಲ್ಲೇ ತೋರಿಸಿಕೊಟ್ಟಿದ್ದಾರೆ, ಅದನ್ನು ನಂಬಿ ಮುಂದೆ ಹೋಗಿ. ಕೈಲೆಕ್ಕಕ್ಕೆ ಅದು ಬರುವುದೇ ಇಲ್ಲ. ಲೆಕ್ಕಕ್ಕೆ ಬರುವುದು ಚೆಖ್ ವಿಧಾನ.

ಮೊದಲ ಲೆಕ್ಕ ಪ್ರೊಜೆಕ್ಟಿವ್ ರೇಖೆಯ ಮೇಲೆ. ಅದನ್ನು ಎರಡು ತುಂಡಿನಿಂದ ಅಂಟಿಸಿದ್ದೇವೆ, ಅಲ್ವಾ? ಒಂದರ ಮೇಲಿನ ಫಂಕ್ಷನ್‌ಗಳು ಟಿಯ ಬಹುಪದೋಕ್ತಿಗಳು, ಇನ್ನೊಂದರ ಮೇಲೆ ಟಿ⁻¹ನ ಬಹುಪದೋಕ್ತಿಗಳು. ಎರಡೂ ಸೇರುವ ಜಾಗದಲ್ಲಿ ಟಿಯ ಧನ, ಋಣ ಎರಡೂ ಘಾತಗಳು ಇರಬಹುದು. ಎಚ್⁰ ಎಂದರೆ ಎರಡೂ ಕಡೆ ಒಪ್ಪುವಂಥದ್ದು. ಎಚ್¹ ಎಂದರೆ ಸೇರುವ ಜಾಗದಲ್ಲಿ ಇದ್ದೂ, ಎರಡು ಕಡೆಯಿಂದ ತಂದು ಕೂಡಿಸಿದರೂ ಸಿಗದೇ ಉಳಿದದ್ದು. ಇಷ್ಟೇ ವ್ಯಾಖ್ಯೆ.

ಈಗ ಓ(−2) ಎಂಬ ಲೈನ್ ಬಂಡಲ್ ತೆಗೆದುಕೊಳ್ಳಿ. ಮೊದಲ ತುಂಡಿನಿಂದ ಬರುವ ಘಾತಗಳು 0, 1, 2, ಹೀಗೆ ಮೇಲಕ್ಕೆ. ಎರಡನೆಯದರಿಂದ ಬರುವವು −2, −3, −4, ಹೀಗೆ ಕೆಳಕ್ಕೆ. ಒಂದು ಸಾಲಿನಲ್ಲಿ ಬರೆದು ನೋಡಿ. ಮಧ್ಯೆ −1 ಖಾಲಿ ಉಳಿಯಿತು. ಆ ಒಂದು ಖಾಲಿ ಜಾಗವೇ ಎಚ್¹, ಅದರ ಡೈಮೆನ್ಷನ್ 1. ಓ(−3) ತೆಗೆದುಕೊಂಡರೆ −1, −2 ಎರಡು ಖಾಲಿ. ಓ(2) ತೆಗೆದುಕೊಂಡರೆ ಖಾಲಿ ಏನೂ ಇಲ್ಲ, ಬದಲಿಗೆ 0, 1, 2 ಎರಡೂ ಕಡೆಯಿಂದ ಬರುತ್ತವೆ, ಹಾಗಾಗಿ ಎಚ್⁰ನ ಡೈಮೆನ್ಷನ್ 3. ಇಲ್ಲಿ ಸ್ವಲ್ಪ ನಿಲ್ಲಿ. ಈ ರೇಖೆಯ ಮೇಲೆ ಡಿಫರೆನ್ಷಿಯಲ್‌ಗಳ ಶೀಫ್ ಎಂದರೆ ಓ(−2)ವೇ. ಖಾಲಿ ಉಳಿದ ಟಿ⁻¹ ಎಂದರೆ ಡಿಟಿ ಭಾಗಿಸು ಟಿ. ಕಾಂಪ್ಲೆಕ್ಸ್ ಅನಾಲಿಸಿಸ್‌ನಲ್ಲಿ ರೆಸಿಡ್ಯೂ ತೆಗೆಯುವಾಗ ಉಳಿಯುತ್ತಿದ್ದ ಅದೇ ಪದ! ಸೆರ್ ಡ್ಯುಯಾಲಿಟಿ ಮುಂದೆ ಓದುವಾಗ ಈ ಖಾಲಿ ಜಾಗವನ್ನು ನೆನಪಿಟ್ಟುಕೊಳ್ಳಿ, ಅರ್ಧ ಕೆಲಸ ಆಗಿರುತ್ತದೆ.

ಎರಡನೆಯ ಲೆಕ್ಕ: ಸಮತಲದಿಂದ ಮೂಲಬಿಂದು ಒಂದನ್ನು ತೆಗೆದುಹಾಕಿ. ಎಕ್ಸ್ ಸೊನ್ನೆಯಲ್ಲದ ಭಾಗ ಒಂದು, ವೈ ಸೊನ್ನೆಯಲ್ಲದ ಭಾಗ ಇನ್ನೊಂದು. ಮೊದಲನೆಯದರಲ್ಲಿ ಎಕ್ಸ್‌ನ ಘಾತ ಋಣ ಆಗಬಹುದು, ಎರಡನೆಯದರಲ್ಲಿ ವೈನ ಘಾತ. ಎರಡೂ ಘಾತ ಒಟ್ಟಿಗೆ ಋಣವಾಗಿರುವ ಪದಗಳು ಯಾವ ಕಡೆಯಿಂದಲೂ ಸಿಗುವುದಿಲ್ಲ. ಅಂಥವು ಲೆಕ್ಕವಿಲ್ಲದಷ್ಟು, ಹಾಗಾಗಿ ಎಚ್¹ ಅನಂತ ಡೈಮೆನ್ಷನ್. ಅಫೈನ್ ಸ್ಕೀಮಿನಲ್ಲಿ ಕ್ವಾಸಿಕೊಹೆರೆಂಟ್ (ಅಂದರೆ ರಿಂಗಿನ ಮಾಡ್ಯೂಲಿನಿಂದ ಬರುವ) ಶೀಫಿನ ಎಚ್¹ ಯಾವಾಗಲೂ ಸೊನ್ನೆ, ಆದ್ದರಿಂದ ಇದು ಅಫೈನ್ ಅಲ್ಲ ಅಂತ ಒಂದೇ ಏಟಿಗೆ ಸಾಬೀತು. ಈ ಉದಾಹರಣೆಯನ್ನು ಎತ್ತಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬೇಕು.

ಇದೆಲ್ಲ ಸೆರ್ 1955ರಲ್ಲಿ ಕಟ್ಟಿಕೊಟ್ಟ ಲೋಕ. ಝರಿಸ್ಕಿ ಟೋಪಾಲಜಿ, ಅದರ ಮೇಲೆ ಕೊಹೆರೆಂಟ್ ಶೀಫ್. ಲೈನ್ ಬಂಡಲ್‌ಗೆ ಎಷ್ಟು ಸೆಕ್ಷನ್ ಇವೆ, ಒಂದು ವೆರೈಟಿಯನ್ನು ಎಷ್ಟು ದಿಕ್ಕಿನಲ್ಲಿ ಸ್ವಲ್ಪ ಸ್ವಲ್ಪ ಬದಲಾಯಿಸಬಹುದು, ಇಂಥ ಪ್ರಶ್ನೆಗಳಿಗೆ ಇವತ್ತಿಗೂ ಇದೇ ಸರಿಯಾದ ಉಪಕರಣ. ಇದನ್ನು ಬಿಟ್ಟು ಮುಂದಕ್ಕೆ ಓಡಬೇಡಿ. ಒಂದು ತಿಂಗಳು ಇಲ್ಲೇ ಕಳೆದರೂ ನಷ್ಟವಿಲ್ಲ.

ಇದು ಎಲ್ಲಿ ಎಡವುತ್ತದೆ? ಕಾನ್‌ಸ್ಟಂಟ್ ಶೀಫ್ ಹಾಕಿ ನೋಡಿ. ಇರ್ರೆಡ್ಯೂಸಿಬಲ್ ಸ್ಕೀಮಿನಲ್ಲಿ ಖಾಲಿಯಲ್ಲದ ಯಾವ ಎರಡು ಓಪನ್ ಸೆಟ್ ತೆಗೆದುಕೊಂಡರೂ ಅವು ಸೇರಲೇಬೇಕು. ಆದ್ದರಿಂದ ಖಾಲಿಯಲ್ಲದ ಪ್ರತಿ ಓಪನ್ ಸೆಟ್ ಮೇಲೂ ಕಾನ್‌ಸ್ಟಂಟ್ ಶೀಫಿನ ಬೆಲೆ ಒಂದೇ. ದೊಡ್ಡ ಸೆಟ್‌ನಿಂದ ಚಿಕ್ಕದಕ್ಕೆ ಇಳಿಸುವಾಗ ಏನೂ ಕಳೆದುಹೋಗುವುದಿಲ್ಲ, ಚಿಕ್ಕದರಲ್ಲಿ ಇದ್ದದ್ದೆಲ್ಲ ದೊಡ್ಡದಕ್ಕೂ ಹಬ್ಬುತ್ತದೆ. ಅಂಥ ಶೀಫಿಗೆ ಎಚ್¹ರಿಂದ ಮೇಲಿನದೆಲ್ಲ ಸೊನ್ನೆ. ಎಲಿಪ್ಟಿಕ್ ಕರ್ವ್ ಕಾಂಪ್ಲೆಕ್ಸ್ ಸಂಖ್ಯೆಗಳ ಮೇಲೆ ನೋಡಿದರೆ ಟೋರಸ್, ಅದರಲ್ಲಿ ಎರಡು ಸುತ್ತುಗಳಿವೆ, ಎಚ್¹ನ ರ‍್ಯಾಂಕ್ 2 ಬರಬೇಕು. ಝರಿಸ್ಕಿ ಹೇಳುವುದು ಸೊನ್ನೆ. ಓಪನ್ ಸೆಟ್‌ಗಳು ಅಷ್ಟು ದೊಡ್ಡದಾಗಿರುವಾಗ ಆ ಸುತ್ತುಗಳು ಕಣ್ಣಿಗೇ ಬೀಳುವುದಿಲ್ಲ.

ಅದು ಕಂಡರೆ ಏನು ಲಾಭ ಅಂತ ಕೇಳಬಹುದು. ಲಾಭ ತೋರಿಸಿದ್ದು ಆಂದ್ರೆ ವೇಯ್, 1949ರಲ್ಲಿ. ಒಂದು ಸಣ್ಣ ಲೆಕ್ಕ ಮಾಡೋಣ. ವೈ² = ಎಕ್ಸ್³ + ಎಕ್ಸ್ + 1 ಎಂಬ ಸಮೀಕರಣವನ್ನು 5 ಅಂಶಗಳ ಫೀಲ್ಡಿನಲ್ಲಿ ಬಿಡಿಸಿ. ಎಕ್ಸ್ 0, 2, 3, 4 ಆದಾಗ ಬಲಗಡೆ ಕ್ರಮವಾಗಿ 1, 1, 1, 4 ಬರುತ್ತದೆ, ಎಲ್ಲವೂ ವರ್ಗಗಳು, ಒಂದೊಂದಕ್ಕೂ ಎರಡೆರಡು ವೈ. ಎಕ್ಸ್ 1 ಆದಾಗ 3 ಬರುತ್ತದೆ, ಅದು ವರ್ಗವಲ್ಲ. ಅಲ್ಲಿಗೆ 8, ಅನಂತದ ಬಿಂದು ಸೇರಿ 9. ಕೋಆರ್ಡಿನೇಟ್‌ಗಳನ್ನು 5ನೇ ಘಾತಕ್ಕೆ ಏರಿಸುವ ಮ್ಯಾಪಿಗೆ ಫ್ರೊಬೀನಿಯಸ್ ಅಂತ ಹೆಸರು; ಕೋಹೊಮಾಲಜಿಯ ಮೇಲೆ ಅದರ ಟ್ರೇಸ್‌ಗಳನ್ನು ಒಂದು ಬಿಟ್ಟು ಒಂದು ಕೂಡಿ ಕಳೆದರೆ ಬಿಂದುಗಳ ಸಂಖ್ಯೆ ಸಿಗಬೇಕು, ಇದೇ ಟ್ರೇಸ್ ಸೂತ್ರ. ಎಚ್⁰ 1 ಕೊಡುತ್ತದೆ, ಎಚ್² 5 ಕೊಡುತ್ತದೆ, ಎಚ್¹ ಮೇಲೆ ಫ್ರೊಬೀನಿಯಸ್‌ನ ಟ್ರೇಸ್ ಕಳೆಯಬೇಕು. 9 ಬರಬೇಕಾದರೆ ಆ ಟ್ರೇಸ್ −3. ಎಚ್¹ಗೆ ಡೈಮೆನ್ಷನ್ 2 ಇದೆ ಅಂತ ನಂಬಿದರೆ ಎರಡು ಐಗನ್‌ವ್ಯಾಲ್ಯೂ, ಕೂಡಿದರೆ −3, ಗುಣಿಸಿದರೆ 5. ಅವುಗಳ ವರ್ಗಗಳ ಮೊತ್ತ 9 − 10 = −1. ಹಾಗಾದರೆ 25 ಅಂಶಗಳ ಫೀಲ್ಡಿನಲ್ಲಿ ಬಿಂದುಗಳು 1 − (−1) + 25 = 27. ಹೊಸದಾಗಿ ಒಂದು ಬಿಂದುವನ್ನೂ ಎಣಿಸಲಿಲ್ಲ! ಕೈಯಲ್ಲಿ ಎಣಿಸಿ ಪರೀಕ್ಷೆ ಮಾಡಿ, 27 ಸಿಕ್ಕಾಗ ಆಗುವ ಖುಷಿ ಬೇರೆಯೇ. ಆ ಎರಡು ಐಗನ್‌ವ್ಯಾಲ್ಯೂಗಳ ಅಳತೆ √5 ಅನ್ನುವುದನ್ನೂ ಗಮನಿಸಿ, ವೇಯ್ ಊಹೆಯ ತಿರುಳು ಅದೇ. ಇಂಥ ಎಚ್¹ ಇರುವ ಕೋಹೊಮಾಲಜಿ ಎಲ್ಲ ಡೈಮೆನ್ಷನ್‌ಗೂ ಬೇಕು ಅಂತ ಹುಡುಕಿದ್ದರಿಂದ ಮುಂದಿನ ಕಥೆ.

ಗ್ರೋತೆಂಡೀಕ್ ಮಾಡಿದ್ದು ಓಪನ್ ಸೆಟ್ ಅನ್ನುವ ಮಾತಿನ ಅರ್ಥವನ್ನೇ ಬದಲಾಯಿಸಿದ್ದು. ಸ್ಕೀಮಿನ ಒಳಗಿನ ಭಾಗ ಮಾತ್ರ ಓಪನ್ ಆಗಬೇಕಿಲ್ಲ, ಅದರ ಮೇಲೆ ಎತಾಲ್ ಆಗಿ, ಅಂದರೆ ಎಲ್ಲೂ ಮಡಚದೆ, ಪದರಗಳು ಒಂದಕ್ಕೊಂದು ಅಂಟದೆ ಕೂತಿರುವ ಇನ್ನೊಂದು ಸ್ಕೀಮ್ ಕೂಡ ಓಪನ್ ಸೆಟ್‌ನ ಕೆಲಸ ಮಾಡಬಹುದು. 1960ರ ದಶಕದ ಮೊದಲ ಅರ್ಧದಲ್ಲಿ ಆರ್ಟಿನ್, ವರ್ಡಿಯೇ ಮೊದಲಾದವರ ಜೊತೆ ಸೇರಿ ಇದನ್ನು ಪೂರ್ತಿ ಕಟ್ಟಿದರು. ಸೈಟ್, ಟೋಪೋಸ್ ಅಂತ ದೊಡ್ಡ ದೊಡ್ಡ ಪದ ನೋಡಿ ಹಿಂಜರಿಯಬೇಡಿ. ಕುಮ್ಮರ್ ಸೀಕ್ವೆನ್ಸ್ ಒಂದನ್ನು ಸರಿಯಾಗಿ ಹಿಡಿದುಕೊಂಡರೆ ಎತಾಲ್ ಯಾಕೆ ಬೇಕು ಅಂತ ತಿಳಿಯುತ್ತದೆ.

ಅದು ಹೀಗೆ. ಸೊನ್ನೆಯಾಗದ ಒಂದು ಫಂಕ್ಷನ್ ಇದೆ, ಅದಕ್ಕೆ ಎನ್‌ನೇ ಮೂಲ ಬೇಕು. ಝರಿಸ್ಕಿಯಲ್ಲಿ ಎಷ್ಟೇ ಚಿಕ್ಕ ಓಪನ್ ಸೆಟ್‌ಗೆ ಇಳಿದರೂ ಟಿಗೆ ವರ್ಗಮೂಲ ಹುಟ್ಟುವುದಿಲ್ಲ. ಎತಾಲ್‌ನಲ್ಲಿ ಆ ಮೂಲವನ್ನು ಸೇರಿಸಿಕೊಂಡ ಸ್ಕೀಮೇ ಒಂದು ಓಪನ್ ಸೆಟ್, ಆದ್ದರಿಂದ ಮೂಲ ಸಿಕ್ಕೇಬಿಟ್ಟಿತು. ಷರತ್ತು ಒಂದೇ: ಎನ್ ಆ ಫೀಲ್ಡಿನಲ್ಲಿ ಸೊನ್ನೆ ಆಗಬಾರದು. ಹೀಗೆ ಎನ್‌ನೇ ಘಾತಕ್ಕೆ ಏರಿಸುವ ಮ್ಯಾಪ್ ಸರ್ಜೆಕ್ಟಿವ್ ಆಯಿತು, ಅದರ ಕರ್ನಲ್ 1ರ ಎನ್‌ನೇ ಮೂಲಗಳ ಶೀಫ್. ಲಾಂಗ್ ಎಕ್ಸಾಕ್ಟ್ ಸೀಕ್ವೆನ್ಸ್ ಬರೆಯಿರಿ. ಆಲ್ಜೀಬ್ರಾಯಿಕಲಿ ಕ್ಲೋಸ್ಡ್ ಫೀಲ್ಡಿನ ಮೇಲೆ ಜೀನಸ್ ಜಿ ಇರುವ ಸ್ಮೂತ್ ಪ್ರೊಜೆಕ್ಟಿವ್ ಕರ್ವ್ ಆದರೆ, ಎಚ್¹ ಎಂದರೆ ಎನ್ ಪಟ್ಟು ಮಾಡಿದಾಗ ಟ್ರಿವಿಯಲ್ ಆಗುವ ಲೈನ್ ಬಂಡಲ್‌ಗಳು, ಅಂದರೆ ಜಾಕೋಬಿಯನ್‌ನ ಎನ್-ಟಾರ್ಷನ್. ಅದು ಎನ್‌ನ ಉಳಿಕೆಗಳ ಗುಂಪಿನ 2ಜಿ ಪ್ರತಿಗಳು. ಎಚ್² ಡಿಗ್ರಿಯಿಂದ ಬರುತ್ತದೆ, ಒಂದೇ ಪ್ರತಿ. ಇಲ್ಲಿ ತ್ಸೆನ್ ಪ್ರಮೇಯ ಬೇಕಾಗುತ್ತದೆ, ಸದ್ಯಕ್ಕೆ ಒಪ್ಪಿಕೊಂಡು ಮುಂದೆ ಹೋಗಿ. ಒಟ್ಟು 1, 2ಜಿ, 1. ಟೋಪಾಲಜಿಯವರು ಕೊಡುವ ಅದೇ ಸಂಖ್ಯೆಗಳು, ಈಗ ಯಾವ ಕ್ಯಾರೆಕ್ಟರಿಸ್ಟಿಕ್ (ಫೀಲ್ಡಿನಲ್ಲಿ ಸೊನ್ನೆಯಾಗುವ ಅವಿಭಾಜ್ಯ ಸಂಖ್ಯೆ ಪಿ, ಅಂಥದ್ದು ಇಲ್ಲದಿದ್ದರೆ 0) ಆದರೂ ಸರಿ!

ಎಚ್ಚರಿಕೆ ಎರಡು. ಎತಾಲ್ ಕೋಹೊಮಾಲಜಿಗೆ ಟಾರ್ಷನ್ ಸಹಗುಣಕ ಬೇಕು, ಅಂದರೆ ಶೀಫಿನ ಬೆಲೆಗಳು ಎನ್‌ನ ಉಳಿಕೆಗಳಂಥವು ಆಗಿರಬೇಕು. ಪೂರ್ಣಾಂಕಗಳ ಕಾನ್‌ಸ್ಟಂಟ್ ಶೀಫನ್ನು ನೇರವಾಗಿ ಹಾಕಿದರೆ ನಾರ್ಮಲ್ ಸ್ಕೀಮಿಗೆ ಎಚ್¹ ಮತ್ತೆ ಸೊನ್ನೆ. ಎಲ್ ಎಂಬ ಅವಿಭಾಜ್ಯ ಸಂಖ್ಯೆಯ ಘಾತಗಳಿಗೆ ಒಂದೊಂದಾಗಿ ಲೆಕ್ಕ ಮಾಡಿ, ಆಮೇಲೆ ಲಿಮಿಟ್ ತೆಗೆದು, ಕಡೆಗೆ ಎಲ್‌ನಿಂದ ಭಾಗಿಸಲು ಬಿಡಬೇಕು. ಎಲ್-ಆ್ಯಡಿಕ್ ಅಂದರೆ ಇದೇ. ಇನ್ನೊಂದು, ಫೀಲ್ಡ್ ಆಲ್ಜೀಬ್ರಾಯಿಕಲಿ ಕ್ಲೋಸ್ಡ್ ಅಲ್ಲದಿದ್ದರೆ ಬರೀ ಒಂದು ಬಿಂದುವಿಗೂ ಮೇಲಿನ ಕೋಹೊಮಾಲಜಿ ಇರಬಹುದು, ಅದು ಗಾಲ್ವಾ ಕೋಹೊಮಾಲಜಿ. ಮೊದಲು ಕ್ಲೋಷರ್‌ಗೆ ಹೋಗಿ ಲೆಕ್ಕ ಮಾಡಿ, ಆಮೇಲೆ ಗಾಲ್ವಾ ಗುಂಪು ಅದರ ಮೇಲೆ ಏನು ಮಾಡುತ್ತದೆ ಅಂತ ನೋಡಿ. ಎರಡನ್ನೂ ಕಲಸಿದರೆ ಏನೂ ತಿಳಿಯುವುದಿಲ್ಲ.

ಎಲ್-ಆ್ಯಡಿಕ್ ಕೋಹೊಮಾಲಜಿಯ ಮೇಲೆ ನಿಂತೇ ಡೆಲಿನ್ 1974ರಲ್ಲಿ ವೇಯ್ ಊಹೆಯ ಕೊನೆಯ, ತುಂಬ ಕಷ್ಟದ ಭಾಗವನ್ನು ಮುಗಿಸಿದರು. ಅಷ್ಟು ದೊಡ್ಡ ಕೆಲಸ ಮಾಡಿದ ಇದಕ್ಕೂ ಒಂದು ಎಡವುವ ಕಲ್ಲಿದೆ. ಕ್ಯಾರೆಕ್ಟರಿಸ್ಟಿಕ್ ಪಿ ಆಗಿದ್ದು ಸಹಗುಣಕವೂ ಪಿ ಆದರೆ? ಅಫೈನ್ ರೇಖೆ ತೆಗೆದುಕೊಳ್ಳಿ, ಅದರಲ್ಲಿ ಯಾವ ಸುತ್ತೂ ಇರಬಾರದು. ಆದರೆ ಆರ್ಟಿನ್–ಶ್ರಾಯರ್ ಸೀಕ್ವೆನ್ಸ್ ಪ್ರಕಾರ ಎಚ್¹ ಎಂದರೆ ಬಹುಪದೋಕ್ತಿಗಳಲ್ಲಿ ಎಫ್ᵖ − ಎಫ್ ರೂಪದ್ದನ್ನೆಲ್ಲ ಸೊನ್ನೆ ಮಾಡಿದ ಮೇಲೆ ಉಳಿದದ್ದು. ಎಕ್ಸ್ᵖ ಮತ್ತು ಎಕ್ಸ್ ಒಂದೇ ಆಗುತ್ತವೆ, ಸರಿ. ಪಿಯಿಂದ ಭಾಗವಾಗದ ಘಾತಗಳೆಲ್ಲ ಹಾಗೇ ಉಳಿಯುತ್ತವೆ. ಅನಂತ! ಸುಮ್ನೆ ಒಂದು ರೇಖೆಗೆ ಅನಂತ ಎಚ್¹ ಬಂದರೆ ಅದನ್ನು ಇಟ್ಟುಕೊಂಡು ಬಿಂದು ಎಣಿಸಲಾಗುವುದಿಲ್ಲ.

ಹಾಗಾದರೆ ಎಲ್ ಅನ್ನುವ ಗೋಜೇ ಬೇಡ, ಭಿನ್ನರಾಶಿಗಳನ್ನೇ ಸಹಗುಣಕ ಮಾಡಿಕೊಳ್ಳೋಣ ಅನಿಸುತ್ತದೆ. ಅದು ಯಾಕೆ ಆಗುವುದಿಲ್ಲ ಅಂತ ಸೆರ್ ಕೊಟ್ಟ ಕಾರಣ ಈ ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟವಾದದ್ದು. ಕ್ಯಾರೆಕ್ಟರಿಸ್ಟಿಕ್ ಪಿಯಲ್ಲಿ ಸೂಪರ್‌ಸಿಂಗ್ಯುಲರ್ ಎಂಬ ಎಲಿಪ್ಟಿಕ್ ಕರ್ವ್‌ಗಳಿವೆ. ಅವುಗಳ ಎಂಡೊಮಾರ್ಫಿಸಂಗಳಿಗೆ ಭಿನ್ನರಾಶಿ ಸೇರಿಸಿದರೆ 4 ಡೈಮೆನ್ಷನ್‌ನ ಕ್ವಾಟರ್ನಿಯನ್ ಆಲ್ಜೀಬ್ರಾ ಬರುತ್ತದೆ, ಅದರಲ್ಲಿ ಸೊನ್ನೆ ಬಿಟ್ಟು ಎಲ್ಲದರಿಂದಲೂ ಭಾಗಿಸಬಹುದು. ಅಂಥ ಆಲ್ಜೀಬ್ರಾ ಯಾವ ವೆಕ್ಟರ್ ಸ್ಪೇಸಿನ ಮೇಲೆ ಕೆಲಸ ಮಾಡಿದರೂ ಅದರ ಡೈಮೆನ್ಷನ್ 4ರ ಗುಣಕವಾಗಲೇಬೇಕು. ನಮಗೆ ಬೇಕಾದ ಎಚ್¹ನ ಡೈಮೆನ್ಷನ್ 2. ಅಲ್ಲಿಗೆ ಮುಗಿಯಿತು. ರಿಯಲ್ ಸಂಖ್ಯೆಗಳ ಮೇಲೂ, ಪಿ-ಆ್ಯಡಿಕ್ ಸಂಖ್ಯೆಗಳ ಮೇಲೂ ಇದೇ ತಡೆ. ಪಿ ಬಿಟ್ಟು ಬೇರೆ ಎಲ್ ತೆಗೆದುಕೊಂಡರೆ ಆ ಆಲ್ಜೀಬ್ರಾ 2×2 ಮ್ಯಾಟ್ರಿಕ್ಸ್‌ಗಳಾಗಿ ಬಿಚ್ಚಿಕೊಳ್ಳುತ್ತದೆ, ತಡೆ ಮಾಯ. ಎಲ್ ಯಾಕೆ ಬೇಕು, ಅದು ಪಿ ಯಾಕೆ ಆಗಬಾರದು, ಎರಡಕ್ಕೂ ಉತ್ತರ ಈ ಒಂದು ಕರ್ವ್‌ನಲ್ಲಿದೆ.

ಆದರೂ ಪಿ ಬಗ್ಗೆ ತಿಳಿಯಲೇಬೇಕಾದಾಗ ದಾರಿ ಡಿ ರಾಮ್ ಕಡೆಯಿಂದ. ಕ್ಯಾರೆಕ್ಟರಿಸ್ಟಿಕ್ 0ರಲ್ಲಿ ಡಿ ರಾಮ್ ಬಹಳ ಸಲೀಸು. ಸ್ಮೂತ್ ಅಫೈನ್ ಆದರೆ ಆಲ್ಜೀಬ್ರಾಯಿಕ್ ಡಿಫರೆನ್ಷಿಯಲ್‌ಗಳನ್ನು ಬರೆದು, ಡಿ ತೆಗೆದುಕೊಂಡರೆ ಸೊನ್ನೆ ಆಗುವವು ಯಾವುವು, ಯಾವುದಾದರೂ ಒಂದರ ಡಿ ಆಗಿರುವವು ಯಾವುವು ಅಂತ ನೋಡಿದರೆ ಸಾಕು. ಕಾಂಪ್ಲೆಕ್ಸ್ ಸಂಖ್ಯೆಗಳ ಮೇಲೆ ಇದು ಟೋಪಾಲಜಿ ಕೊಡುವ ಉತ್ತರವನ್ನೇ ಕೊಡುತ್ತದೆ ಅಂತ ಗ್ರೋತೆಂಡೀಕ್ 1966ರಲ್ಲಿ ತೋರಿಸಿದರು. ಅದೇ ಲೆಕ್ಕವನ್ನು ಕ್ಯಾರೆಕ್ಟರಿಸ್ಟಿಕ್ ಪಿಯಲ್ಲಿ ಅಫೈನ್ ರೇಖೆಯ ಮೇಲೆ ಮಾಡಿ. ಎಕ್ಸ್ᵖನ ಅವಕಲನ ಸೊನ್ನೆ, ಹಾಗಾಗಿ ಎಚ್⁰ ಅನಂತ. ಎಕ್ಸ್ᵖ⁻¹ ಡಿಎಕ್ಸ್‌ಗೆ ಇಂಟಿಗ್ರಲ್ ಇಲ್ಲ, ಯಾಕೆಂದರೆ ಪಿಯಿಂದ ಭಾಗಿಸಬೇಕು, ಪಿ ಇಲ್ಲಿ ಸೊನ್ನೆ. ಎಚ್¹ ಕೂಡ ಅನಂತ.

ಪರಿಹಾರ: ಸ್ಕೀಮನ್ನು ಕ್ಯಾರೆಕ್ಟರಿಸ್ಟಿಕ್ 0ಕ್ಕೆ, ಅಂದರೆ ವಿಟ್ ವೆಕ್ಟರ್‌ಗಳ (ಪಿಯನ್ನು ಸೊನ್ನೆ ಮಾಡಿದರೆ ನಮ್ಮ ಫೀಲ್ಡೇ ಸಿಗುವ, ಕ್ಯಾರೆಕ್ಟರಿಸ್ಟಿಕ್ 0ರ ರಿಂಗಿನ) ಮೇಲಕ್ಕೆ ಎತ್ತಿ ಅಲ್ಲಿ ಡಿ ರಾಮ್ ಮಾಡುವುದು. ಎತ್ತುವ ದಾರಿ ಹಲವು ಇರಬಹುದು, ಒಂದೂ ಇಲ್ಲದೆಯೂ ಇರಬಹುದು. ಕ್ರಿಸ್ಟಲಿನ್ ಕೋಹೊಮಾಲಜಿ ಎತ್ತದೆಯೇ ಆ ಉತ್ತರವನ್ನು ಕೊಡುತ್ತದೆ, ಎತ್ತಲು ಬಂದಾಗ ಯಾವ ದಾರಿಯಲ್ಲಿ ಎತ್ತಿದರೂ ಒಂದೇ ಉತ್ತರ ಅಂತಲೂ ತೋರಿಸುತ್ತದೆ. ಯೋಚನೆ ಗ್ರೋತೆಂಡೀಕ್‌ರದು, ಪೂರ್ತಿ ಬೆಳೆಸಿದ್ದು ಬರ್ತೆಲೋ. ಇದು ಒಳ್ಳೆಯ ಫಲ ಕೊಡುವುದು ಸ್ಮೂತ್ ಮತ್ತು ಪ್ರಾಪರ್ (ಪ್ರೊಜೆಕ್ಟಿವ್‌ನ ಹಾಗೆ ಎಲ್ಲೂ ಬಿಂದು ತಪ್ಪಿಹೋಗಿಲ್ಲದ್ದು) ಆದಾಗ ಮಾತ್ರ.

ಅಫೈನ್ ಆದರೆ ಇನ್ನೊಂದು ತೊಡಕು, ಹತ್ತಿರದಿಂದ ನೋಡಿ. ಎಲ್ಲ ಕೆಗೂ ಪಿಯ ಕೆನೇ ಘಾತ ಗುಣಿಸು ಎಕ್ಸ್‌ನ (ಪಿಯ ಕೆನೇ ಘಾತ − 1)ನೇ ಘಾತ, ಇವನ್ನೆಲ್ಲ ಕೂಡಿಸಿ. ಸಹಗುಣಕಗಳು ಪಿ-ಆ್ಯಡಿಕ್ ಆಗಿ ಸೊನ್ನೆಗೆ ಹೋಗುತ್ತವೆ, ಸರಣಿ ಸರಿಯಾಗಿದೆ. ಅದರ ಇಂಟಿಗ್ರಲ್ ತೆಗೆದರೆ ಎಲ್ಲ ಸಹಗುಣಕವೂ 1 ಆಗಿಬಿಡುತ್ತದೆ, ಸರಣಿ ನಿಲ್ಲುವುದಿಲ್ಲ. ಮಾನ್ಸ್ಕಿ ಮತ್ತು ವಾಷ್‌ನಿಟ್ಸರ್ 1968ರಲ್ಲಿ ಕೊಟ್ಟ ಉಪಾಯ ಏನೆಂದರೆ, ಡಿಸ್ಕಿನ ಅಂಚಿನಿಂದ ಒಂದು ಕೂದಲೆಳೆಯಷ್ಟಾದರೂ ಆಚೆಗೆ ಕನ್ವರ್ಜ್ ಆಗುವ ಸರಣಿಗಳನ್ನು ಮಾತ್ರ ಒಳಗೆ ಬಿಡುವುದು. ಮೇಲಿನ ತುಂಟ ಸರಣಿ ಹೊರಗೇ ಉಳಿಯಿತು. ಇದನ್ನೂ ಕ್ರಿಸ್ಟಲಿನ್ ಅನ್ನೂ ಒಂದೇ ಸೂರಿನಡಿ ತರುವುದು ರಿಜಿಡ್ ಕೋಹೊಮಾಲಜಿ. ಕೆಡ್ಲಾಯಾ 2001ರಲ್ಲಿ ಹೈಪರ್‌ಎಲಿಪ್ಟಿಕ್ ಕರ್ವ್‌ಗಳ ಬಿಂದು ಎಣಿಸಲು ಮಾಡಿದ ಅಲ್ಗಾರಿದಂ ನಿಂತಿರುವುದೇ ಈ ಮಾನ್ಸ್ಕಿ–ವಾಷ್‌ನಿಟ್ಸರ್ ಉಪಾಯದ ಮೇಲೆ.

ಇನ್ನು ನಿಮ್ಮ ಮುಂದೆ ಒಂದು ಸ್ಕೀಮ್ ಬಂದಾಗ ಕೇಳಿಕೊಳ್ಳಬೇಕಾದ್ದು: ಫೀಲ್ಡಿನ ಕ್ಯಾರೆಕ್ಟರಿಸ್ಟಿಕ್ ಏನು, ನನಗೆ ಬೇಕಾದ ಸಹಗುಣಕ ಏನು, ಸ್ಕೀಮ್ ಪ್ರಾಪರ್ ಹೌದೋ ಅಲ್ಲವೋ. ಸೆಕ್ಷನ್, ಡಿಫಾರ್ಮೇಷನ್ ಪ್ರಶ್ನೆಯಾದರೆ ಕೊಹೆರೆಂಟ್. ಬಿಂದು ಎಣಿಕೆ, ಗಾಲ್ವಾ ರೆಪ್ರೆಸೆಂಟೇಷನ್ ಆದರೆ ಎಲ್-ಆ್ಯಡಿಕ್. ಕ್ಯಾರೆಕ್ಟರಿಸ್ಟಿಕ್ 0ರಲ್ಲಿ ಕೈಲೆಕ್ಕಕ್ಕೆ ಡಿ ರಾಮ್. ಪಿಯಲ್ಲಿ ಪಿಯ ವಿಷಯ ಬೇಕಾದರೆ ಕ್ರಿಸ್ಟಲಿನ್ ಅಥವಾ ರಿಜಿಡ್. 1ರ ಪಿನೇ ಮೂಲಗಳ ಶೀಫ್ ಬಂದರೆ ಫ್ಲ್ಯಾಟ್ ಟೋಪಾಲಜಿಗೆ ಹೋಗಿ, ಎತಾಲ್‌ನಲ್ಲಿ ಕುಮ್ಮರ್ ಸೀಕ್ವೆನ್ಸ್ ಅಲ್ಲಿ ನಿಲ್ಲುವುದಿಲ್ಲ. ಪ್ರಿಸ್ಮ್ಯಾಟಿಕ್, ಅಂದರೆ ಭಾರ್ಗವ್ ಭಟ್ ಮತ್ತು ಪೀಟರ್ ಶೋಲ್ಝೆ ಕಟ್ಟಿದ್ದು, ಪಿ-ಆ್ಯಡಿಕ್ ಕಡೆಯ ಇವೆಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸುತ್ತದೆ. ಪೋಣಿಸುವ ಮಣಿಗಳ ಪರಿಚಯ ಆದ ಮೇಲೆ ಅದನ್ನು ಓದಿ, ಮುಂಚೆ ಬೇಡ.

ಪ್ರಾಪರ್ ಹೌದೋ ಅಲ್ಲವೋ ಅನ್ನುವುದನ್ನು ಮರೆಯುವುದು ಎಲ್ಲರೂ ಮಾಡುವ ತಪ್ಪು. ಕ್ಯೂ ಅಂಶಗಳ ಫೀಲ್ಡಿನ ಮೇಲೆ ಅಫೈನ್ ರೇಖೆಗೆ ಕ್ಯೂ ಬಿಂದುಗಳು. ಅದರ ಮಾಮೂಲಿ ಎಲ್-ಆ್ಯಡಿಕ್ ಕೋಹೊಮಾಲಜಿಯಲ್ಲಿ ಇರುವುದು ಎಚ್⁰ ಮಾತ್ರ, ಅದು ಕೊಡುವುದು 1. ತಾಳೆಯಾಗಲಿಲ್ಲ. ಟ್ರೇಸ್ ಸೂತ್ರಕ್ಕೆ ಬೇಕಾದದ್ದು ಕಾಂಪ್ಯಾಕ್ಟ್ ಸಪೋರ್ಟ್ ಇರುವ, ಅಂದರೆ ತಪ್ಪಿಹೋದ ಬಿಂದುಗಳ ಕಡೆ ಸೊನ್ನೆಯಾಗುವುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವ, ಕೋಹೊಮಾಲಜಿ. ಅದರಲ್ಲಿ ಎಚ್² ಮಾತ್ರ ಇದೆ, ಫ್ರೊಬೀನಿಯಸ್ ಅಲ್ಲಿ ಕ್ಯೂನಿಂದ ಗುಣಿಸುತ್ತದೆ. ತಾಳೆಯಾಯಿತು. ರೇಖೆಯಿಂದ ಒಂದು ಬಿಂದು ತೆಗೆದರೆ ಎಚ್¹ನಲ್ಲಿ ಐಗನ್‌ವ್ಯಾಲ್ಯೂ 1 ಸೇರಿಕೊಳ್ಳುತ್ತದೆ, ಉತ್ತರ ಕ್ಯೂ − 1.

ಈಗ ಎತ್ತಿಟ್ಟಿದ್ದ ಉದಾಹರಣೆ ತೆಗೆಯಿರಿ, ಮೂಲಬಿಂದು ಇಲ್ಲದ ಸಮತಲ. ಕೊಹೆರೆಂಟ್‌ನಲ್ಲಿ ಅದರ ಎಚ್¹ ಅನಂತವಾಗಿತ್ತು. ಎಲ್-ಆ್ಯಡಿಕ್‌ನಲ್ಲಿ ಅದೇ ಸ್ಕೀಮಿಗೆ ಎಚ್¹ ಸೊನ್ನೆ, ಇರುವುದು ಎಚ್⁰ ಮತ್ತು ಎಚ್³ ಮಾತ್ರ, ಎರಡರದೂ ಡೈಮೆನ್ಷನ್ 1. ಕಾಂಪ್ಯಾಕ್ಟ್ ಸಪೋರ್ಟ್ ಕಡೆಗೆ ತಿರುಗಿಸಿದರೆ ಎಚ್⁴ ಮೇಲೆ ಕ್ಯೂ², ಎಚ್¹ ಮೇಲೆ 1. ಟ್ರೇಸ್ ಸೂತ್ರ ಹಾಕಿದರೆ ಕ್ಯೂ² − 1. ಬಿಂದುಗಳನ್ನು ಕೈಯಲ್ಲಿ ಎಣಿಸಿದರೂ ಅಷ್ಟೇ ಬರುತ್ತದೆ.